ಪ್ರಾಣಿಲಾಂಛನದ ಚಿನ್ನದ ನಾಣ್ಯಗಳು (ಕರ್ನಾಟಕ)

ಪ್ರಾಣಿಲಾಂಛನದ ಚಿನ್ನದ ನಾಣ್ಯ: ಒಂದು ಬದಿಯಲ್ಲಿ ಪ್ರಾಣಿ ಇಲ್ಲವೆ ಪಕ್ಷಿಯ ಆಕೃತಿಯನ್ನು ಪ್ರಧಾನ ಗುರುತಾಗಿ ಹೊತ್ತ, ಒಳಗಿನ ಚಿನ್ನದ ತೂಕ ಮತ್ತು ಅಪ್ಪಟತನವೇ ಬೆಲೆಗೆ ಆಧಾರವಾದ ನಾಣ್ಯ. ಆನೆ, ವರಾಹ, ಸಿಂಹ, ಶಾರ್ದೂಲ, ಗಂಡಭೇರುಂಡದ ಗುರುತುಳ್ಳ ಗದ್ಯಾಣ ಮತ್ತು ವರಹಗಳು ಕರ್ನಾಟಕದಲ್ಲಿ ಮಧ್ಯಯುಗದ ಉದ್ದಕ್ಕೂ ಚಲಾವಣೆಯಲ್ಲಿದ್ದವು. ಇಂದು ಹಲವು ದೇಶಗಳ ಟಂಕಸಾಲೆಗಳು ತಮ್ಮ ನೆಲದ ವನ್ಯಜೀವಿಯನ್ನು ಅಚ್ಚೊತ್ತಿ ಮಾರುವ ಬುಲಿಯನ್ ನಾಣ್ಯಗಳೂ ಇದೇ ವರ್ಗಕ್ಕೆ ಸೇರುತ್ತವೆ. ಎರಡರ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಹಳೆಯ ನಾಣ್ಯದ ಪ್ರಾಣಿ ಅರಸು ಮನೆತನದ ಮುದ್ರೆ, ಹೊಸ ನಾಣ್ಯದ ಪ್ರಾಣಿ ದೇಶದ ಗುರುತು ಮತ್ತು ಮಾರಾಟದ ಆಕರ್ಷಣೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಇಂಥ ಲಾಂಛನಗಳನ್ನು ಹೊತ್ತ ಹಲವು ಮನೆತನಗಳ ಆಳ್ವಿಕೆಯ ಗಡಿಗಳು ಕೂಡಿದ ಸೀಮೆ.

ಪರಿಭಾಷೆ

ನಾಣ್ಯದೊಳಗಿನ ಚಿನ್ನಕ್ಕೆ ಆ ದಿನದ ಪೇಟೆಯಲ್ಲಿ ಸಿಗುವ ಬೆಲೆ ಲೋಹಬೆಲೆ. ಅಪರೂಪತನ, ಅಚ್ಚಿನ ಸ್ಥಿತಿ, ಚರಿತ್ರೆಗಳ ಕಾರಣದಿಂದ ಅದರ ಮೇಲೆ ಕೂಡಿಕೊಳ್ಳುವುದು ಸಂಗ್ರಹಬೆಲೆ. ಲೋಹಬೆಲೆಗೆ ಹತ್ತಿರದ ದರದಲ್ಲಿ ಮಾರಾಟವಾಗಲೆಂದೇ ಟಂಕಿಸಿದ್ದು ಬುಲಿಯನ್ ನಾಣ್ಯ. ಗದ್ಯಾಣವು ಶಾಸನಗಳಲ್ಲಿ ಪದೇಪದೇ ಬರುವ ಚಿನ್ನದ ನಾಣ್ಯ ಹಾಗೂ ತೂಕ. ವಿಜಯನಗರ ಕಾಲದಲ್ಲಿ ವರಹ, ಹೊನ್ನು ಎಂಬ ಹೆಸರುಗಳು ರೂಢಿಯಲ್ಲಿದ್ದವು. 10 ಹಣಕ್ಕೆ ಒಂದು ವರಹ. ಉತ್ತರ ಕರ್ನಾಟಕದ ಪೇಟೆಯಲ್ಲಿ ಬಂಗಾರವನ್ನು ಈಗಲೂ ತೊಲೆಯಲ್ಲಿ ಎಣಿಸುವವರಿದ್ದಾರೆ. ಒಂದು ತೊಲೆ 11.66 ಗ್ರಾಂ, ಹಳೆಯ ಲೆಕ್ಕದಲ್ಲಿ 96 ಗುಂಜಿ.

ಉಗಮ

ಭಾರತದಲ್ಲಿ ಕಾಡುಪ್ರಾಣಿಯನ್ನು ಚಿನ್ನದ ಮೇಲೆ ಅತ್ಯಂತ ಸಜೀವವಾಗಿ ಮೂಡಿಸಿದವರು ಗುಪ್ತರು. ಸಮುದ್ರಗುಪ್ತನ ದೀನಾರದಲ್ಲಿ ಹುಲಿಯನ್ನು ಕೊಲ್ಲುವ ಅರಸನಿದ್ದಾನೆ, ಎರಡನೆಯ ಚಂದ್ರಗುಪ್ತನದರಲ್ಲಿ ಸಿಂಹ, ಒಂದನೆಯ ಕುಮಾರಗುಪ್ತನದರಲ್ಲಿ ಖಡ್ಗಮೃಗ. ಅಲ್ಲಿ ಪ್ರಾಣಿ ಬೇಟೆಗೆ ಗುರಿ, ಅರಸನೇ ನಾಯಕ.

ಕರ್ನಾಟಕದ ಪದ್ಧತಿ ಬೇರೆ. ಇಲ್ಲಿ ಅರಸನ ಮುಖ ನಾಣ್ಯದ ಮೇಲೆ ಬರಲಿಲ್ಲ. ಅವನ ಬದಲು ಮನೆತನದ ಲಾಂಛನ ನಿಂತಿತು. ಶಾಸನಗಳ ಬಿರುದಾವಳಿಯಲ್ಲಿ ಲಾಂಛನ ಮತ್ತು ಧ್ವಜಗಳನ್ನು ಹೇಳುವುದು ಕಟ್ಟುನಿಟ್ಟಾದ ರೂಢಿಯಾಗಿತ್ತು: ಚಾಲುಕ್ಯರಿಗೆ ವರಾಹ, ತಲಕಾಡಿನ ಗಂಗರಿಗೆ ಮದಗಜ, ಕದಂಬರಿಗೆ ಸಿಂಹಲಾಂಛನ ಮತ್ತು ವಾನರಧ್ವಜ, ಯಲಬುರ್ಗಿಯ ಸಿಂದರಿಗೆ ಹುಲಿ, ಕಲ್ಯಾಣದ ಕಳಚುರಿಗಳಿಗೆ ವೃಷಭ, ದೇವಗಿರಿಯ ಯಾದವರಿಗೆ ಗರುಡ. ತಾಮ್ರಶಾಸನದ ಬಳೆಯ ಮೇಲೆ ಒತ್ತುತ್ತಿದ್ದ ಮುದ್ರೆಯ ಆಕೃತಿಗಳೇ ನಾಣ್ಯದ ಅಚ್ಚಿಗೂ ಬಂದವು. ಆದ್ದರಿಂದ ಈ ಪ್ರಾಣಿಗಳನ್ನು ಪ್ರಕೃತಿಚಿತ್ರಗಳೆಂದು ನೋಡುವುದು ತಪ್ಪು. ಅವು ಅರಸನ ಸಹಿಯ ಕೆಲಸ ಮಾಡುತ್ತಿದ್ದವು.

ಹಾಗಿದ್ದರೂ ಸ್ಥಳೀಯ ವನ್ಯಜೀವಿ ಯಾವುದು, ಕೇವಲ ಲಾಂಛನ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಆನೆ, ಕಾಡುಹಂದಿ, ಹುಲಿ ಕರ್ನಾಟಕದ ಕಾಡಿನವು. ಏಷ್ಯಾದ ಸಿಂಹ ಚಾರಿತ್ರಿಕ ಕಾಲದಲ್ಲಿ ನರ್ಮದೆಯ ದಕ್ಷಿಣಕ್ಕೆ ನೆಲೆಸಿತ್ತೆನ್ನಲು ಗಟ್ಟಿ ಆಧಾರವಿಲ್ಲ. ಕದಂಬರ ಸಿಂಹ ಶಿಲ್ಪಸಂಪ್ರದಾಯದಿಂದ ಬಂದದ್ದು, ಹೊಯ್ಸಳರ ಶಾರ್ದೂಲವೂ ಅಷ್ಟೆ. ಗಂಡಭೇರುಂಡ ಪೂರ್ತಿ ಕಲ್ಪನೆಯ ಪಕ್ಷಿ.

ರಚನೆ

ಟಂಕನಕ್ಕೆ ಎರಡು ಕ್ರಮಗಳಿದ್ದವು. ಮೊದಲನೆಯದರಲ್ಲಿ ತೆಳ್ಳನೆಯ ಚಿನ್ನದ ಬಿಲ್ಲೆಯ ಮೇಲೆ ಬಿಡಿ ಬಿಡಿ ಮುದ್ರೆಗಳನ್ನು ಒಂದೊಂದಾಗಿ ಬಡಿಯುತ್ತಿದ್ದರು. ನಡುವೆ ತಾವರೆ ಇಲ್ಲವೆ ಪ್ರಾಣಿ, ಸುತ್ತ ಅರಸನ ಹೆಸರು ಮತ್ತು ಸಣ್ಣ ಗುರುತುಗಳು. ಬಡಿತಕ್ಕೆ ಬಿಲ್ಲೆ ಬಾಗಿ ಬಟ್ಟಲಿನಂತೆ ತಗ್ಗಾಗುತ್ತಿತ್ತು. ತಾವರೆ ನಡುವಿದ್ದವು ಪದ್ಮಟಂಕಗಳೆಂದು ಹೆಸರಾದವು. ಕಲ್ಯಾಣದ ಚಾಲುಕ್ಯರು ಮತ್ತು ಯಾದವರು ಈ ಕ್ರಮವನ್ನು ಬಳಸಿದರು. ಎರಡನೆಯದು ಎರಡು ಅಚ್ಚುಗಳ ನಡುವೆ ಗುಂಡು ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಒಂದೇ ಸಲ ಹೊಡೆಯುವುದು. ಗಂಗರ ಆನೆ, ಹೊಯ್ಸಳರ ಶಾರ್ದೂಲ, ವಿಜಯನಗರದ ಗಂಡಭೇರುಂಡ ಈ ಬಗೆಯವು. ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿದ್ದುದರಿಂದ ಆಕೃತಿಯ ಅಂಚು ಎಷ್ಟೋ ಸಲ ನಾಣ್ಯದ ಹೊರಗೆ ಉಳಿಯುತ್ತದೆ. ಸೊಂಡಿಲು ಕಡಿದುಹೋದ ಆನೆ, ಬಾಲವಿಲ್ಲದ ಸಿಂಹ ಇವು ಟಂಕನದ ಸಹಜ ಫಲ.

ಹಳೆಯ ಗದ್ಯಾಣಗಳ ತೂಕ ಸುಮಾರು 4 ಗ್ರಾಂ ಆಸುಪಾಸಿನದು. ವಿಜಯನಗರದ ವರಹ ಸುಮಾರು 3.4 ಗ್ರಾಂಗೆ ಇಳಿದು ಸ್ಥಿರವಾಯಿತು, ಅರ್ಧ ವರಹ ಅದರಲ್ಲರ್ಧ. ಟಂಕಸಾಲೆಯ ಊರಿನ ಹೆಸರಿನಿಂದಲೂ ನಾಣ್ಯ ಗುರುತಾಗುತ್ತಿತ್ತು. ಶಾಸನಗಳ ಲೊಕ್ಕಿಗದ್ಯಾಣ ಗದಗ ಸಮೀಪದ ಲಕ್ಕುಂಡಿಯ ಟಂಕಸಾಲೆಯದು.

ಬಗೆಗಳು

ವರಾಹ: ಚಾಲುಕ್ಯರ ವರಾಹಮುದ್ರೆಯೇ ವರಹ ಎಂಬ ನಾಣ್ಯನಾಮಕ್ಕೆ ಮೂಲ. ವರಾಹದ ಗುರುತುಳ್ಳ ದೊಡ್ಡ ಚಿನ್ನದ ಬಿಲ್ಲೆಗಳಲ್ಲಿ ಹೆಸರಾದವು ವೇಂಗಿಯ ಪೂರ್ವ ಚಾಲುಕ್ಯರಾದ ಶಕ್ತಿವರ್ಮ ಮತ್ತು ರಾಜರಾಜನವು. ಅವುಗಳಲ್ಲಿ ಕೆಲವು ಕಡಲಾಚೆ ಬರ್ಮಾ ಕರಾವಳಿಯಲ್ಲೂ ದೊರೆತಿವೆ. ಮುಂದೆ ವಿಜಯನಗರದ ರಾಜಮುದ್ರೆಯೂ ವರಾಹವೇ ಆಯಿತು. ಆದರೆ ಆ ಸಾಮ್ರಾಜ್ಯದ ವರಹಗಳ ಮೇಲೆ ಹೆಚ್ಚಾಗಿ ಕಾಣುವುದು ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಬಾಲಕೃಷ್ಣರಂಥ ದೇವಮೂರ್ತಿಗಳು.

ಆನೆ: ಗಜಪತಿ ವರಹ ಎಂದು ಸಂಗ್ರಾಹಕರಲ್ಲಿ ಹೆಸರಾದ ನಾಣ್ಯದ ಮುಂಬದಿಯಲ್ಲಿ ಬಲಕ್ಕೆ ಮುಖ ಮಾಡಿ ನಿಂತ ಆನೆ, ಹಿಂಬದಿಯಲ್ಲಿ ಸುರುಳಿ ಸುತ್ತಿದ ಬಳ್ಳಿ. ಅಕ್ಷರಗಳಿಲ್ಲ. ಹಳೆಯ ಪುಸ್ತಕಗಳು ಹೆಸರನ್ನು ನೋಡಿ ಇದನ್ನು ಒಡಿಶಾದ ಗಜಪತಿಗಳಿಗೆ ಕೊಟ್ಟವು. ಲಾಂಛನ ಮತ್ತು ದೊರೆತ ಸೀಮೆಗಳ ಆಧಾರದಿಂದ ತಲಕಾಡಿನ ಗಂಗರದೆಂಬ ಅಭಿಪ್ರಾಯ ಈಗ ಬಲವಾಗಿದೆ. ಗಂಗರ ಅಧಿಕಾರ 11ನೆಯ ಶತಮಾನದ ಮೊದಲಲ್ಲೇ ಮುಗಿದರೂ ಅದೇ ಅಚ್ಚಿನ ಮಾದರಿ ಆಮೇಲೂ ಮುಂದುವರಿದಂತಿದೆ. ಕರ್ನಾಟಕದ ಕಾಡಿನ ಪ್ರಾಣಿಯೊಂದನ್ನು ಚಿನ್ನದ ಮೇಲೆ ಇಷ್ಟು ಸರಳವಾಗಿ, ಇಷ್ಟು ನಿಜವಾಗಿ ಮೂಡಿಸಿದ ಇನ್ನೊಂದು ಸರಣಿ ಇಲ್ಲ. ತುಂಬಿದ ಬೆನ್ನು, ಭಾರ ಹೊತ್ತು ಊರಿದ ಕಾಲುಗಳು, ಒಳಕ್ಕೆ ಸುತ್ತಿದ ಸೊಂಡಿಲು, ಬೆನ್ನ ಮೇಲಿನ ಹೊದಿಕೆಯ ಗೆರೆಗಳು ಹೆಬ್ಬೆರಳ ಉಗುರಿನಷ್ಟೇ ಅಗಲದ ಜಾಗದಲ್ಲಿ ಸ್ಪಷ್ಟವಾಗಿರುತ್ತವೆ.

ಸಿಂಹ: ಗೋವೆಯ ಕದಂಬರ ಗದ್ಯಾಣಗಳು ಬೆಳಗಾವಿ ಜಿಲ್ಲೆಗೆ ಅತ್ಯಂತ ಹತ್ತಿರದವು. ಪಲಸಿಗೆ, ಅಂದರೆ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ, ಅವರ ಆಳ್ವಿಕೆಯ ಎರಡನೆಯ ಕೇಂದ್ರವಾಗಿತ್ತು. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ 1169ರ ಶಾಸನವಿದೆ. ನಾಣ್ಯದ ಮುಂಬದಿಯಲ್ಲಿ ಮುಂಗಾಲೆತ್ತಿ, ಬಾಲವನ್ನು ಬೆನ್ನ ಮೇಲೆ ಬಳುಕಿಸಿ ನಿಂತ ಸಿಂಹ, ಹಿಂಬದಿಯಲ್ಲಿ ಕುಲದೈವ ಸಪ್ತಕೋಟೀಶ್ವರನಿಂದ ವರಪ್ರಸಾದ ಪಡೆದವನು ಎಂಬರ್ಥದ ನಾಗರಿ ಲಿಪಿಯ ಬರಹ. ಅದೇ ಮನೆತನದ ಜಯಕೇಶಿಯ ನಾಣ್ಯಗಳಲ್ಲಿ ಮಲವರಮಾರಿ ಎಂಬ ಬಿರುದೂ ಬರುತ್ತದೆ. ಇದೇ ಸಿಂಹವನ್ನು ಗೋವಾದ ಕದಂಬ ಸಾರಿಗೆ ನಿಗಮ ತನ್ನ ಚಿಹ್ನೆಯಾಗಿ ಇಟ್ಟುಕೊಂಡಿದೆ. ಹಾನಗಲ್ಲಿನ ಕದಂಬರದೆಂದು ಗುರುತಿಸಿದ ನಾಣ್ಯಗಳಲ್ಲಿ ವಾನರಧ್ವಜಕ್ಕೆ ತಕ್ಕಂತೆ ಹನುಮಂತನಿದ್ದಾನೆ.

ಶಾರ್ದೂಲ: ಹೊಯ್ಸಳ ವಿಷ್ಣುವರ್ಧನ 1116ರಲ್ಲಿ ತಲಕಾಡನ್ನು ಗೆದ್ದ ಮೇಲೆ ಟಂಕಿಸಿದ ಗದ್ಯಾಣದ ಹಿಂಬದಿಯಲ್ಲಿ ಮೂರು ಸಾಲಿನ ಕನ್ನಡ ಬರಹವಿದೆ: ಶ್ರೀ ತಳಕಾಡುಗೊಂಡ. ಇನ್ನೊಂದು ಬಗೆಯಲ್ಲಿ ಶ್ರೀ ನೊಣಂಬವಾಡಿಗೊಂಡ. ಮುಂಬದಿಯಲ್ಲಿ ಕೇಸರವುಳ್ಳ ಶಾರ್ದೂಲ, ಮೇಲೆ ಸೂರ್ಯಚಂದ್ರರು ಮತ್ತು ಸಣ್ಣದೊಂದು ಆಕೃತಿ. ಕನ್ನಡ ಲಿಪಿ ಇಷ್ಟು ಸ್ಫುಟವಾಗಿ ಚಿನ್ನದ ಮೇಲೆ ಬಂದಿರುವುದರಿಂದ ಕನ್ನಡ ಸಂಗ್ರಾಹಕರಿಗೆ ಇದು ಮೊದಲ ಆಯ್ಕೆ, ಆ ಗೌರವಕ್ಕೆ ಇದು ಪೂರ್ತಿ ಅರ್ಹವೂ ಹೌದು.

ಗಂಡಭೇರುಂಡ: ಅಚ್ಯುತರಾಯನ (ಆಳ್ವಿಕೆ 1529–1542) ವರಹ ಮತ್ತು ಅರ್ಧ ವರಹಗಳಲ್ಲಿ ಎರಡು ತಲೆಯ ಪಕ್ಷಿ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದೆತ್ತಿದೆ. ಹಿಂಬದಿಯಲ್ಲಿ ನಾಗರಿಯಲ್ಲಿ ಶ್ರೀ ಪ್ರತಾಪಾಚ್ಯುತರಾಯ. ಈ ಪಕ್ಷಿ ಮುಂದೆ ಮೈಸೂರು ಸಂಸ್ಥಾನದ, ಅಲ್ಲಿಂದ ಕರ್ನಾಟಕ ರಾಜ್ಯದ ಲಾಂಛನವಾಯಿತು.

ಟಿಪ್ಪು ಸುಲ್ತಾನನ ಆನೆ ಪ್ರಸಿದ್ಧವಾದರೂ ಅದು ತಾಮ್ರದ ಕಾಸಿನ ಮೇಲಿನದು. ಅವನ ಚಿನ್ನದ ನಾಣ್ಯಗಳಲ್ಲಿ ಬರಹ ಮಾತ್ರ ಇದೆ.

ಚಿಕ್ಕೋಡಿ–ಅಥಣಿ ಸೀಮೆ

12ನೆಯ ಶತಮಾನದಲ್ಲಿ ಈ ಐದು ತಾಲ್ಲೂಕುಗಳ ನೆಲ ಇಬ್ಬರು ಮಾಂಡಲಿಕರ ನಡುವೆ ಹಂಚಿತ್ತು. ತೆಂಕಣಕ್ಕೆ ಕೂಂಡಿ 3000 ಎಂಬ ನಾಡನ್ನು ಆಳಿದ ಸವದತ್ತಿಯ ರಟ್ಟರು, ಬಡಗಣ ಮತ್ತು ಪಡುವಣಕ್ಕೆ ಕೊಲ್ಲಾಪುರದ ಶಿಲಾಹಾರರು. ಹೂವಿನ ಬಾಗೆ ಎಂದು ಹೆಸರಾಗಿದ್ದ ರಾಯಬಾಗ ಆ ಕಾಲದ ದೊಡ್ಡ ಊರು. ರಟ್ಟರದು ಸಿಂಧೂರಲಾಂಛನ, ಅಂದರೆ ಆನೆ. ಶಿಲಾಹಾರರದು ಸುವರ್ಣ ಗರುಡಧ್ವಜ. ಇಬ್ಬರಿಗೂ ಮೇಲೆ ಕಲ್ಯಾಣದ ಚಾಲುಕ್ಯರ ವರಾಹ. ಯಾದವ ಸಿಂಘಣ ಸುಮಾರು 1212ರಲ್ಲಿ ಶಿಲಾಹಾರ ಎರಡನೆಯ ಭೋಜನನ್ನು ಸೋಲಿಸಿದ. ಮುಂದೆ ಅವನ ದಂಡನಾಯಕ ಬೀಚಣ ರಟ್ಟರ ನಾಡನ್ನೂ ಸೇರಿಸಿಕೊಂಡ. ಆಗ ಈ ಭಾಗದಲ್ಲಿ ಯಾದವರ ಪದ್ಮಟಂಕ ಮುಖ್ಯ ನಾಣ್ಯವಾಯಿತು. ಆದಿಲಶಾಹಿ ಮತ್ತು ಮರಾಠಾ ಆಳ್ವಿಕೆಗಳಲ್ಲಿ ಬರಹವೇ ನಾಣ್ಯದ ಅಲಂಕಾರವಾಗಿ ಪ್ರಾಣಿರೂಪ ಮರೆಯಾಯಿತು. ಶಿವಾಜಿಯ ಹೊನ್ನಿನಲ್ಲೂ ಇರುವುದು ನಾಗರಿ ಅಕ್ಷರಗಳೇ.

ಈ ಸೀಮೆಯ ಮನೆಗಳಲ್ಲಿ ಚಿನ್ನದ ನಾಣ್ಯ ಉಳಿದದ್ದು ಪೆಟ್ಟಿಗೆಯಲ್ಲಿ ಅಲ್ಲ, ಕೊರಳಲ್ಲಿ. ಪುತಳಿ ಸರ ಮತ್ತು ಕಾಸಿನ ಸರ ಇದಕ್ಕೆ ಸಾಕ್ಷಿ. ಪುತಳಿ ಎಂದರೆ ವೆನಿಸ್ಸಿನ ಡುಕಾಟ್. ಸುಮಾರು 3.5 ಗ್ರಾಂ ತೂಕದ, ಬಹುಮಟ್ಟಿಗೆ ಅಪ್ಪಟ ಚಿನ್ನದ ಈ ನಾಣ್ಯ ಕಡಲ ವ್ಯಾಪಾರದಿಂದ ಬಂದು ಕೊಂಕಣ, ಕೊಲ್ಲಾಪುರ, ಬೆಳಗಾವಿ ಭಾಗಗಳಲ್ಲಿ ಒಡವೆಯಾಯಿತು. ಆಮೇಲೆ ಪತ್ತಾರರು ಅದೇ ಮಾದರಿಯಲ್ಲಿ ದೇವರ ರೂಪದ ಬಿಲ್ಲೆಗಳನ್ನು ಮಾಡಿದರು. ಸರಕ್ಕೆ ಪೋಣಿಸಲು ಅಂಚಿಗೆ ಬೆಸೆದ ಕೊಂಡಿ, ಅದನ್ನು ತೆಗೆದ ಮೇಲೆ ಉಳಿಯುವ ಗಾಯ, ತಲೆಮಾರುಗಳ ಉಜ್ಜಾಟಕ್ಕೆ ಸವೆದ ಮುಖ ಇವು ಈ ಭಾಗದ ಹಳೆಯ ನಾಣ್ಯಗಳಲ್ಲಿ ಸಾಮಾನ್ಯ. ಕೊಂಡಿಯ ಗಾಯ ಸಂಗ್ರಹಬೆಲೆಯನ್ನು ಬಹಳ ಇಳಿಸುತ್ತದೆ, ಲೋಹಬೆಲೆಗೆ ಏನೂ ಮಾಡುವುದಿಲ್ಲ. ಒಡವೆ ಮುರಿಸಿ ಹೊಸದು ಮಾಡಿಸುವ ರೂಢಿಯಲ್ಲಿ ಎಷ್ಟೋ ಗದ್ಯಾಣ, ವರಹಗಳು ಮೂಸೆಗೆ ಹೋಗಿವೆ. ಚರಿತ್ರೆಯ ದೃಷ್ಟಿಯಿಂದ ಇದು ಭರಿಸಲಾಗದ ನಷ್ಟ.

ಅಧ್ಯಯನ

ಈ ನಾಣ್ಯಗಳನ್ನು ಮೊದಲು ವ್ಯವಸ್ಥಿತವಾಗಿ ಅಭ್ಯಸಿಸಿದವರಲ್ಲಿ ವಾಲ್ಟರ್ ಎಲಿಯಟ್ ಪ್ರಮುಖ. ಧಾರವಾಡ ಸೀಮೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಆತ 1824ರ ಕಿತ್ತೂರು ಹೋರಾಟದಲ್ಲಿ ಸೆರೆಸಿಕ್ಕಿದ್ದ. ಆಮೇಲೆ ಕನ್ನಡ ಶಾಸನಗಳನ್ನೂ ನಾಣ್ಯಗಳನ್ನೂ ಸಂಗ್ರಹಿಸಿದ. 1880ರ ದಶಕದಲ್ಲಿ ಹೊರಬಂದ ಆತನ ದಕ್ಷಿಣ ಭಾರತದ ನಾಣ್ಯಗಳ ಗ್ರಂಥ ಇಂದಿಗೂ ಆಧಾರಗ್ರಂಥ. ಅದೇ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಸ್ಥಳೀಯ ಭಾಷೆಗಳ ಹೆಸರುಗಳೊಂದಿಗೆ ಪ್ರಕಟಿಸಿದ. ಕಾಡಿನ ಪ್ರಾಣಿ ಮತ್ತು ನಾಣ್ಯದ ಪ್ರಾಣಿ ಎರಡನ್ನೂ ಈ ನಾಡಿನಲ್ಲೇ ನಿಂತು ನೋಡಿದ ವಿದ್ವಾಂಸ ಆತ. 20ನೆಯ ಶತಮಾನದಲ್ಲಿ ಎ.ವಿ. ನರಸಿಂಹಮೂರ್ತಿ ಕರ್ನಾಟಕದ ನಾಣ್ಯಗಳ ಸಮಗ್ರ ಅಧ್ಯಯನ ಮಾಡಿದರು.

ಬ್ರಿಟಿಷ್ ಕಾಲ

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಾಲ್ಕನೆಯ ವಿಲಿಯಂನ ಮುಖವುಳ್ಳ, ಮೊಹರು ಎಂಬ ಚಿನ್ನದ ನಾಣ್ಯವನ್ನು ಟಂಕಿಸಿತು. ಹಿಂಬದಿಯಲ್ಲಿ ತಾಳೆಮರದ ಮುಂದೆ ನಡೆಯುವ ಸಿಂಹ. ತೂಕ 11.66 ಗ್ರಾಂ, 22 ಕ್ಯಾರೆಟ್. 1841ರಲ್ಲಿ ವಿಕ್ಟೋರಿಯಾ ಮುಖದೊಂದಿಗೆ ಇದೇ ವಿನ್ಯಾಸ ಮತ್ತೆ ಬಂದಿತು. 1835ರ ಕಾನೂನಿನಂತೆ ಬೆಳ್ಳಿ ರೂಪಾಯಿಗೆ ಮಾತ್ರ ಕಾನೂನುಬದ್ಧ ಚಲಾವಣೆಯಿತ್ತು, ಮೊಹರಿಗೆ ಇರಲಿಲ್ಲ. ಹೀಗಾಗಿ ಅದು ಪೇಟೆಯ ಚಿನ್ನದ ದರದಲ್ಲೇ ಕೈಬದಲಾಯಿಸುತ್ತಿತ್ತು, ವ್ಯವಹಾರದಲ್ಲಿ ಇಂದಿನ ಬುಲಿಯನ್ ನಾಣ್ಯದಂತೆಯೇ ಇತ್ತು. ಭಾರತೀಯ ರಿಸರ್ವ್ ಬ್ಯಾಂಕಿನ ಮುದ್ರೆಗೆ ಇದೇ ವಿನ್ಯಾಸ ಆಧಾರ. ಭಾರತಕ್ಕೆ ಹೆಚ್ಚು ಹೊಂದುವುದೆಂದು ಸಿಂಹದ ಜಾಗಕ್ಕೆ ಹುಲಿಯನ್ನು ತಂದರು. ಜನಬಳಕೆಯಲ್ಲಿ ಗಿನ್ನಿ ಎಂದಾದ ಬ್ರಿಟಿಷ್ ಚಿನ್ನದ ನಾಣ್ಯ ಸಾವರಿನ್ 7.98 ಗ್ರಾಂನದು. 1918ರಲ್ಲಿ ಮುಂಬಯಿ ಟಂಕಸಾಲೆಯಲ್ಲೂ ಅದನ್ನು ಟಂಕಿಸಿದರು.

ಆಧುನಿಕ ಬುಲಿಯನ್ ನಾಣ್ಯಗಳು

ದಕ್ಷಿಣ ಆಫ್ರಿಕ 1967ರಲ್ಲಿ ಹೊರತಂದ ಕ್ರುಗರಾಂಡ್ ಈ ಪರಂಪರೆಗೆ ನಾಂದಿ. ಹಿಂಬದಿಯಲ್ಲಿ ಆ ದೇಶದ ಸ್ಪ್ರಿಂಗ್‌ಬಾಕ್ ಜಿಂಕೆ. 22 ಕ್ಯಾರೆಟ್ಟಿನ ಈ ನಾಣ್ಯದ ತೂಕ 33.93 ಗ್ರಾಂ, ಅದರೊಳಗಿನ ಅಪ್ಪಟ ಚಿನ್ನ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಚೀನಾ 1982ರಿಂದ ಪಾಂಡಾ ನಾಣ್ಯವನ್ನು ಹೊರಡಿಸುತ್ತಿದೆ. ಅದರ ಚಿತ್ರ ಹೆಚ್ಚುಕಡಿಮೆ ವರ್ಷ ವರ್ಷವೂ ಬದಲಾಗುವುದರಿಂದ ಒಂದೊಂದು ವರ್ಷದ್ದನ್ನೂ ಕೂಡಿಸಬೇಕೆಂಬ ಆಸೆ ಹುಟ್ಟುತ್ತದೆ, ಹಳೆಯ ವರ್ಷಗಳ ನಾಣ್ಯ ಲೋಹಬೆಲೆಗಿಂತ ಮೇಲೇರುತ್ತದೆ. 2016ರಿಂದ ಅದರ ದೊಡ್ಡ ನಾಣ್ಯ ಔನ್ಸಿನ ಬದಲು 30 ಗ್ರಾಂನದಾಯಿತು. ಆಸ್ಟ್ರೇಲಿಯಾದ ನಾಣ್ಯದಲ್ಲಿ ಕಾಂಗರೂ, 2006ರಿಂದ ಅಮೆರಿಕದ 24 ಕ್ಯಾರೆಟ್ ನಾಣ್ಯದಲ್ಲಿ ಬೈಸನ್ ಇದೆ.

ಭಾರತದಲ್ಲಿ ಇಂಥ ವನ್ಯಜೀವಿ ಸರಣಿ ಬೆಳೆಯದಿರಲು ಕಾನೂನಿನ ಚರಿತ್ರೆಯೂ ಒಂದು ಕಾರಣ. 1963ರಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಬಂದವು. 1968ರ ಕಾಯಿದೆ ಒಡವೆಯಲ್ಲದ ಗಟ್ಟಿ ಚಿನ್ನವನ್ನು ಖಾಸಗಿಯವರು ಇಟ್ಟುಕೊಳ್ಳುವುದಕ್ಕೆ ಕಟ್ಟು ಹಾಕಿತು. 1990ರಲ್ಲಿ ಅದು ರದ್ದಾಗುವ ಹೊತ್ತಿಗೆ ಜಗತ್ತಿನ ಬುಲಿಯನ್ ನಾಣ್ಯಗಳ ಬೆಳವಣಿಗೆಯ ಮುಖ್ಯ ಕಾಲ ಇಲ್ಲಿ ಕಳೆದೇಹೋಗಿತ್ತು. 2015ರ ನವೆಂಬರ್ 5ರಂದು ಬಿಡುಗಡೆಯಾದ ಭಾರತೀಯ ಚಿನ್ನದ ನಾಣ್ಯ 24 ಕ್ಯಾರೆಟ್ಟಿನ 999 ಶುದ್ಧತೆಯದು. ಅದು 5 ಮತ್ತು 10 ಗ್ರಾಂಗಳಲ್ಲಿ ಬಂದಿತು. ಒಂದು ಬದಿಯಲ್ಲಿ ಅಶೋಕ ಚಕ್ರ, ಇನ್ನೊಂದು ಬದಿಯಲ್ಲಿ ಗಾಂಧೀಜಿ. ದಿನಬಳಕೆಯ ನಾಣ್ಯಗಳಲ್ಲಿ ವನ್ಯಜೀವಿಗೆ ಜಾಗ ಸಿಕ್ಕಿದ್ದು 1988ರಿಂದ ಬಂದ 25 ಪೈಸೆಯ ಸ್ಟೀಲ್ ನಾಣ್ಯದ ಖಡ್ಗಮೃಗದಲ್ಲಿ. ಹುಲಿ ಯೋಜನೆಯ 50 ವರ್ಷದ ನೆನಪಿಗೆ 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ 50 ರೂಪಾಯಿಯ ಸ್ಮಾರಕ ನಾಣ್ಯ ಬಿಡುಗಡೆಯಾಯಿತು, ಅದು ಚಿನ್ನದ್ದಲ್ಲ. ಗಂಗರ ಆನೆಯನ್ನೂ ಬಂಡೀಪುರದ ಹುಲಿಯನ್ನೂ ಹೊಂದಿರುವ ನಾಡಿಗೆ ಇಂಥ ಸರಣಿ ಸಲ್ಲಬೇಕಾದದ್ದೇ.

ಸಂಗ್ರಹದ ಆಕರ್ಷಣೆ ಮತ್ತು ಪರೀಕ್ಷೆ

ಪ್ರಾಣಿರೂಪದ ನಾಣ್ಯ ಓದಲು ಬಾರದವನಿಗೂ ಗುರುತು ಸಿಗುತ್ತದೆ. ಬರಹದ ನಾಣ್ಯಕ್ಕಿಂತ ಇದಕ್ಕೆ ಬೇಡಿಕೆ ಹೆಚ್ಚಿರುವುದಕ್ಕೆ ಮೊದಲ ಕಾರಣ ಅದೇ. ಹಳೆಯ ನಾಣ್ಯದಲ್ಲಿ ಪ್ರಾಣಿಯ ಆಕೃತಿ ಪೂರ್ತಿ ಬಿಲ್ಲೆಯೊಳಗೆ ಕೂತಿದೆಯೇ, ತಲೆ ಸವೆದಿದೆಯೇ, ಕೊಂಡಿಯ ಗುರುತಿದೆಯೇ, ಎಲ್ಲಿಂದ ಬಂದದ್ದೆಂಬ ದಾಖಲೆ ಇದೆಯೇ ಇವುಗಳಿಂದ ಬೆಲೆ ತೀರ್ಮಾನವಾಗುತ್ತದೆ. ಬುಲಿಯನ್ ನಾಣ್ಯದಲ್ಲಿ ಮೊಹರಾದ ಪೊಟ್ಟಣ, ಶುದ್ಧತೆಯ ಪ್ರಮಾಣಪತ್ರ ಮತ್ತು ಮುದ್ರಣದ ಸಂಖ್ಯೆ ಮುಖ್ಯ.

ನಕಲಿ ಗಜಪತಿ ಮತ್ತು ಹೊಯ್ಸಳ ಗದ್ಯಾಣಗಳು ಪೇಟೆಯಲ್ಲಿವೆ. ಎರಕ ಹೊಯ್ದು ಮಾಡಿದ್ದರಲ್ಲಿ ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳು, ಅಂಚಿನಲ್ಲಿ ಕೂಡುಗೆರೆ, ಮೊಂಡಾದ ಅಕ್ಷರಗಳು ಕಾಣುತ್ತವೆ. ಸರಾಫರು ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ಗೆರೆಯ ಬಣ್ಣದಿಂದ ಕ್ಯಾರೆಟ್ ಹೇಳುತ್ತಾರೆ. ಹಳೆಯ ನಾಣ್ಯಕ್ಕೆ ಈ ಪರೀಕ್ಷೆ ಸಲ್ಲದು, ಅಂಚಿನ ಒಂದು ತಿಕ್ಕೂ ಶಾಶ್ವತ ಹಾನಿ. ನೀರಿನಲ್ಲಿ ತೂಗಿ ಸಾಂದ್ರತೆ ನೋಡುವುದು ಅಥವಾ ಎಕ್ಸ್‌ರೇ ಯಂತ್ರದ ಪರೀಕ್ಷೆ ಸುರಕ್ಷಿತ. ಆದರೆ ಎರಡೂ ಲೋಹವನ್ನಷ್ಟೇ ಹೇಳುತ್ತವೆ. ಅಪ್ಪಟ ಚಿನ್ನದಲ್ಲೇ ಮಾಡಿದ ನಕಲಿಯನ್ನು ಹಿಡಿಯಲು ಅಚ್ಚಿನ ಪರಿಚಯವಿರುವ ಕಣ್ಣೇ ಬೇಕು.

ಕಾನೂನು ಮತ್ತು ಇಂದಿನ ಸ್ಥಿತಿ

ನೂರು ವರ್ಷಕ್ಕಿಂತ ಹಳೆಯ ನಾಣ್ಯ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊಲ ಉಳುವಾಗ, ಮನೆಯ ಪಾಯ ತೋಡುವಾಗ ಸಿಕ್ಕ ನಾಣ್ಯಗಳ ಗಡಿಗೆ ನಿಧಿ ಎನಿಸುತ್ತದೆ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೊಸ ಚಿನ್ನಕ್ಕೆ 2017ರಿಂದ ಶೇ. 3 ಜಿಎಸ್‌ಟಿ ಇದೆ. ಒಡವೆಗೆ ಹಾಲ್‌ಮಾರ್ಕ್ 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಬ್ಯಾಂಕುಗಳು ತಾವು ಮಾರಿದ ಚಿನ್ನದ ನಾಣ್ಯವನ್ನು ಮರಳಿ ಕೊಳ್ಳುವುದಿಲ್ಲ. ಹಾಗಾಗಿ ಕೊಂಡವರು ಮಾರಲು ಬರುವುದು ಸರಾಫ ಅಂಗಡಿಗೇ.

ನಿಪ್ಪಾಣಿ, ಚಿಕ್ಕೋಡಿ, ಅಥಣಿ ಪೇಟೆಗಳ ಸರಾಫರಲ್ಲಿ ದೀಪಾವಳಿ ಮತ್ತು ಅಕ್ಷಯ ತದಿಗೆಗೆ ಹೆಚ್ಚು ಹೋಗುವುದು ಲಕ್ಷ್ಮಿ, ಗಣಪತಿಯ ಬಿಲ್ಲೆಗಳು. ಅವು ಸರಕಾರಿ ನಾಣ್ಯಗಳಲ್ಲ, ಖಾಸಗಿ ತಯಾರಿಕೆಯವು, ಬೆಲೆ ತೂಕಕ್ಕಷ್ಟೇ. ಹಳೆಯ ಗದ್ಯಾಣ, ವರಹ ಇದೇ ಅಂಗಡಿಗಳಿಗೆ ಬಂದಾಗ ಅದಕ್ಕೂ ಸಾಮಾನ್ಯವಾಗಿ ತೂಕದ ದರವೇ ಕಟ್ಟಲಾಗುತ್ತದೆ. ಕರಗಿಸುವ ಮೊದಲು ನಾಣ್ಯದ ಎರಡೂ ಬದಿಯ ಚಿತ್ರ ತೆಗೆದು, ತೂಕ ಬರೆದಿಟ್ಟು, ಪುರಾತತ್ತ್ವ ಇಲಾಖೆಗೆ ಅಥವಾ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ತೋರಿಸಿದರೆ ಅದು ಯಾರದು, ಯಾವ ಕಾಲದ್ದು ಎಂಬುದು ತಿಳಿಯುತ್ತದೆ. ಚಿತ್ರದಲ್ಲಿ ಅಳತೆಪಟ್ಟಿ ಇರಬೇಕು, ನಾಣ್ಯವನ್ನು ಹುಣಸೆಹಣ್ಣು ಅಥವಾ ಪುಡಿ ಹಾಕಿ ತಿಕ್ಕಿರಬಾರದು.